ಹರಿಗೋಲಿನಲ್ಲಿ ನಿಂತ ಶಿಷ್ಯ

ಹೊಳೆಯಾಚೆಯ ಊರಿನವರು ಮಠ ಕಟ್ಟಿಸಿದರು. ಪಾಠ ಹೇಳಲು ಒಬ್ಬರನ್ನು ಕೊಡಿ ಎಂದು ಈಚೆ ದಡದ ಮಠದ ಗುರು ಮರುಳಯ್ಯಜ್ಜನವರನ್ನು ಬೇಡಿಕೊಂಡರು. ಗುರುಗಳು ತಮ್ಮ ಶಿಷ್ಯ ಚನ್ನವೀರನನ್ನು ಕರೆದುಕೊಂಡು ಹೊರಟರು.

ಚನ್ನವೀರ ಓದಿನಲ್ಲಿ ಎತ್ತಿದ ಕೈ. ಹನ್ನೆರಡು ವರ್ಷ ಗುರುಸೇವೆ ಮಾಡಿದವ. ಆದರೂ ಆ ದಿನ ಅವನ ಎದೆ ಢವಢವ ಎನ್ನುತ್ತಿತ್ತು.

"ಗುರುಗಳೇ, ನಾನಿನ್ನೂ ಚಿಕ್ಕವ. ಅಲ್ಲಿಯವರು ನನಗೆ ಮರ್ಯಾದೆ ಕೊಡುತ್ತಾರೆಯೇ?"

"ಮೊದಲು ಹೊಳೆ ದಾಟೋಣ ಬಾರಪ್ಪ."

ಹರಿಗೋಲು ನಡೆಸುವವಳು ದ್ಯಾಮವ್ವ. ಹರಿಗೋಲೆಂದರೆ ತೊಗಲು ಬಿಗಿದ ದುಂಡು ಬುಟ್ಟಿ, ಹತ್ತಿದವರೆಲ್ಲ ತಳದಲ್ಲೇ ಕೂರಬೇಕು. ಗುರುಗಳು ಕೂತರು. ಚನ್ನವೀರ ಕೈಕಟ್ಟಿ ನಿಂತೇ ಇದ್ದ.

"ಏ ತಮ್ಮಾ, ಕುಂದ್ರು," ಎಂದಳು ದ್ಯಾಮವ್ವ.

"ಗುರುಗಳ ಸರಿಸಮ ಕೂರುವುದೇ? ನಮ್ಮಲ್ಲಿ ಆ ಪದ್ಧತಿಯಿಲ್ಲ."

ಪದ್ಧತಿ ಮಠದ್ದು, ನೀರಿಗೇನು ಗೊತ್ತು? ದಡ ಬಿಟ್ಟು ನಾಲ್ಕು ಮಾರು ಹೋಗಿರಲಿಲ್ಲ, ಹರಿಗೋಲು ವಾಲಿತು. ಅಂಚಿನ ಮೇಲಿಂದ ನೀರು ನುಗ್ಗಿತು. ಚನ್ನವೀರ ಓಲಾಡಿದ, ಆದರೂ ಕೂರಲಿಲ್ಲ. ಏನು ಹಠವೋ ಅದು!

ದ್ಯಾಮವ್ವ ಹುಟ್ಟು ಹಾಕಿ ಸರ್ರನೆ ದಡಕ್ಕೇ ತಿರುಗಿಸಿದಳು.

"ಇಳೀರಿ ಇಬ್ಬರೂ! ಅಜ್ಜಾರ, ಊರಿಗೆಲ್ಲ ಬುದ್ಧಿ ಹೇಳೋರು, ಇವಗೊಂದು ಮಾತು ಹೇಳಬಾರದೇನ್ರಿ? ಮೂರು ಜೀವ ಹೋಗ್ತಿದ್ದವು!"

"ತಪ್ಪಾಯಿತು ತಾಯಿ," ಎಂದು ಗುರುಗಳು ಕೈಮುಗಿದು ಇಳಿದರು.

ಚನ್ನವೀರನಿಗೆ ಮೈಯೆಲ್ಲ ಉರಿಯಿತು.

"ಅವಳು ನಿಮ್ಮನ್ನು ಬೈದಳು, ನೀವು ಕೈಮುಗಿದಿರಿ! ನಾನು ನಿಂತದ್ದು ನಿಮ್ಮ ಮೇಲಿನ ಗೌರವಕ್ಕಲ್ಲವೇ?"

"ನನ್ನ ಧೋತರ ನೋಡು."

ಧೋತರ ಸೊಂಟದವರೆಗೆ ತೊಯ್ದು ತೊಟ್ಟಿಕ್ಕುತ್ತಿತ್ತು.

ಗುರುಗಳು ಮರಳಿನ ಮೇಲೆ ಕೂತು ಧೋತರದ ಅಂಚು ಹಿಂಡತೊಡಗಿದರು.

"ಆಚೆ ಜನ ಕಾಯುತ್ತಿದ್ದಾರೆ. ಹರಿಗೋಲು ಅವಳದು. ಹೋಗುವುದೋ ಬಿಡುವುದೋ, ನೀನೇ ನೋಡು."

ಬೇರೆ ಹರಿಗೋಲಿರಲಿಲ್ಲ. ಹಿಂದಿರುಗಿದರೆ ಗುರುವಾಗುವ ಹನ್ನೆರಡು ವರ್ಷದ ಆಸೆ ಅಲ್ಲಿಗೇ ಮುಗಿಯಿತು. ಚನ್ನವೀರ ಕೊನೆಗೆ ದ್ಯಾಮವ್ವನ ಹತ್ತಿರ ಹೋದ.

"ತಪ್ಪಾಯ್ತು ಯವ್ವಾ. ಎಲ್ಲಿ ಕೂರಲಿ, ನೀನೇ ಹೇಳು."

"ಹಂಗ ಬಾ ದಾರಿಗೆ!" ಅವಳ ಸಿಟ್ಟು ಜರ್ರನೆ ಇಳಿಯಿತು. "ಅಜ್ಜಾರ ಎದುರಿಗೆ ಕುಂದ್ರಪ್ಪ. ಅವರು ಆಕಡೆ, ನೀ ಈಕಡೆ. ಆಗ ತೂಕ ಸರಿಹೋಗ್ತದ."

ಗುರುಗಳು ಮತ್ತೆ ಹತ್ತಿ ಕೂತರು. ಚನ್ನವೀರ ಅವರ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತ. ತಲೆತಗ್ಗಿಸಿ ನಿಂತೇ ಹನ್ನೆರಡು ವರ್ಷ ಕಳೆದವನು ಅವರ ಮುಖವನ್ನು ಇಷ್ಟು ಹತ್ತಿರದಿಂದ ನೋಡಿರಲೇ ಇಲ್ಲ. ಎಡ ಹುಬ್ಬಿನ ಮೇಲೊಂದು ಹಳೆಯ ಗಾಯದ ಗುರುತಿತ್ತು.

"ಇದು ಹೇಗಾಯಿತು, ಗುರುಗಳೇ?"

"ನಿನ್ನ ವಯಸ್ಸಿನಲ್ಲಿ ನಾನೂ ಹರಿಗೋಲಿನಲ್ಲಿ ನಿಂತಿದ್ದೆ."

ದ್ಯಾಮವ್ವ ಗೊಳ್ಳನೆ ನಕ್ಕಳು. ಚನ್ನವೀರನಿಗೂ ನಗು ತಡೆಯಲಾಗಲಿಲ್ಲ. ಎದೆಯ ಢವಢವ ಎಲ್ಲಿ ಹೋಯಿತೋ, ಅವನಿಗೇ ತಿಳಿಯಲಿಲ್ಲ.

ಆಚೆ ದಡದಲ್ಲಿ ಊರಿಗೆ ಊರೇ ಸೇರಿತ್ತು. ಹೊಸ ಗುರು ಬರುವ ಮುನ್ನ ಕೂರಬಾರದೆಂದು ಮುದುಕರು, ಬಸುರಿಯರು ಕೂಡ ಬೆಳಗಿನಿಂದ ಕೈಮುಗಿದು ನಿಂತಿದ್ದರು. ಒಬ್ಬ ಅಜ್ಜಿಯ ಕಾಲು ನಡುಗುತ್ತಿತ್ತು.

ಚನ್ನವೀರ ಮೆಲ್ಲಗೆ ಕೇಳಿದ: "ಇವರಿಗೆ ಮೊದಲು ಯಾವ ಪಾಠ ಹೇಳಲಿ, ಗುರುಗಳೇ?"

"ಪಾಠ ಆಮೇಲೆ ಹೇಳುವೆಯಂತೆ. ಬಿಸಿಲು ಜೋರಾಗಿದೆ, ಮೊದಲು ಅವರನ್ನು ಕೂರಿಸು."