ತಾಮ್ರಪಟ ಮತ್ತು ಹರಿಗೋಲಿನ ಹುಲಿಗೆಮ್ಮ

“ಕೇಳಿರಪ್ಪೋ ಕೇಳಿ. ಮಹಾರಾಜ ಸಿಂಗರಾಯರ ದೋಣಿಶಾಲೆಗೆ ಹೊಸ ಯಜಮಾನ ಬೇಕಾಗಿದ್ದಾನೆ. ಅರಸರ ಮೂರು ಒಗಟು ಬಿಡಿಸಿದವರಿಗೆ ಆ ಪದವಿ, ಜೊತೆಗೆ ಬೇಡಿದ್ದೊಂದು ವರ. ಒಂದು ತಪ್ಪಿದರೂ ತಲೆದಂಡ.”

ಡಂಗುರದವನು ಹೀಗೆ ಸಾರುತ್ತಾ ಹೊಳೆದಂಡೆಗೆ ಬಂದಾಗ ಹುಲಿಗೆಮ್ಮ ಹರಿಗೋಲಿಗೆ ಬಿದಿರ ದಬ್ಬೆ ಹೆಣೆಯುತ್ತಿದ್ದಳು. ಅರ್ಧ ಹೆಣೆದದ್ದನ್ನು ಅಲ್ಲೇ ಬಿಟ್ಟು ಎದ್ದಳು. ಅವಳಿಗೆ ಪದವಿ ಬೇಕಿರಲಿಲ್ಲ, ವರ ಬೇಕಿತ್ತು. ಅವಳಪ್ಪ ಭರಮಪ್ಪ ಅದೇ ದೋಣಿಶಾಲೆಯ ಬಡಗಿ. ಈಗ ಸೆರೆಯಲ್ಲಿದ್ದ, ಹುಣ್ಣಿಮೆಗೆ ಅವನ ತಲೆ ಹೋಗುವುದಿತ್ತು.

ಅವನ ಅಪರಾಧ ಒಂದೇ ಮೊಳದ್ದು. ದೋಣಿಶಾಲೆಯಲ್ಲಿ ಅರಸರ ಅಜ್ಜ ಬರೆಸಿದ ತಾಮ್ರಪಟವೊಂದಿತ್ತು. ಮಹಾನೌಕೆಯ ಉದ್ದ, ಅಗಲ, ಆಳ ಎಲ್ಲವೂ ಅದರಲ್ಲಿ. ದಿನಾ ಬೆಳಿಗ್ಗೆ ಕರಣಿಕ ಅದನ್ನು ಓದುತ್ತಿದ್ದ. ನೂರು ಕೆಲಸಗಾರರು ತಲೆ ತಗ್ಗಿಸಿ ಕೇಳಿ, ತುಟಿಪಿಟಕ್ಕೆನ್ನದೆ ಕೆಲಸಕ್ಕೆ ಹೋಗುತ್ತಿದ್ದರು. ನಾಲ್ಕು ವರ್ಷ ಕಟ್ಟಿ, ಕೊನೆಯ ಮೊಳೆ ಹೊಡೆದ ಮೇಲೆಯೇ ನೌಕೆ ನೀರಿಗೆ. ಹಾಗೆ ಮೂರು ನೌಕೆ ಇಳಿದವು, ಮೂರೂ ಬಂಡೆಗೆ ತಾಗಿ ಒಡೆದವು. ಅಜ್ಜನ ಕಾಲಕ್ಕೆ ಆಳವಾಗಿದ್ದ ಹೊಳೆ ಈಗ ಪಾತ್ರ ಬದಲಿಸಿ ಆಳ ಕಳೆದುಕೊಂಡಿತ್ತು. ನಾಲ್ಕನೆಯದರ ಆಳವನ್ನು ಭರಮಪ್ಪ ಒಂದು ಮೊಳ ಕಡಿಮೆ ಮಾಡಿದ. ಪಟ ಮೀರಿದನೆಂದು ಹಿಡಿದೊಯ್ದರು.

ಸಭೆ ದೋಣಿಶಾಲೆಯ ಅಂಗಳದಲ್ಲೇ ಸೇರಿತು. ಕೆಲಸಗಾರರು ಹಿಂದೆ ಸಾಲಾಗಿ ನಿಂತಿದ್ದರು. ಅರಸ ಮೊದಲ ಒಗಟು ಹೇಳಿದ: “ಅದನ್ನು ಯಾರೂ ಮುಗಿಸಿಲ್ಲ, ಮುಗಿಸುವುದೂ ಇಲ್ಲ. ಆದರೂ ಮೊದಲ ದಿನದಿಂದಲೇ ಕೆಲಸಕ್ಕೆ ಬರುತ್ತದೆ. ಒದೆ ತಿಂದಷ್ಟೂ ನೇರ್ಪಾಗುತ್ತದೆ, ಮುಟ್ಟದೆ ಬಿಟ್ಟರೆ ಸಾಯುತ್ತದೆ. ಏನದು?”

ದೂರದೂರಿನ ವಾಸ್ತುಪಂಡಿತ ಶಾಲು ಸರಿಪಡಿಸಿಕೊಂಡು “ವಿದ್ಯೆ” ಎಂದ.

“ವಿದ್ಯೆಯನ್ನು ಯಾರಯ್ಯಾ ಒದೆಯುತ್ತಾರೆ?” ಎಂದ ಅರಸ. ಪಂಡಿತನಿಗೆ ಸಂಕೋಲೆ ಬಿತ್ತು.

ದಳವಾಯಿ ಮೀಸೆ ತಿರುವಿ “ಕುದುರೆ” ಎಂದ. ಹುಟ್ಟಿದ ದಿನವೇ ಯಾವ ಕುದುರೆಯ ಮೇಲೆ ಸವಾರಿ ಮಾಡಿದೆ ಎಂದು ಅರಸ ಕೇಳಿದ. ಅವನನ್ನೂ, ಸೆರೆಯಿಂದ ಅಂಗಳಕ್ಕೆ ಕರೆತಂದಿದ್ದ ಭರಮಪ್ಪನ ಪಕ್ಕ ಕೂರಿಸಿದರು.

ಹುಲಿಗೆಮ್ಮ ಮುಂದೆ ಬಂದಳು. ಅಪ್ಪ ಬೇಡವೆಂದು ತಲೆಯಾಡಿಸಿದ. ಅವಳು ನೋಡಿಯೂ ನೋಡದವಳಂತೆ ನಿಂತಳು.

“ಉತ್ತರ ಹೇಳ್ತೀನಿ ದೊರೆ. ಆದ್ರೆ ಕತೆ ಮಾಡಿ ಹೇಳ್ತೀನಿ. ನಡುವೆ ಯಾರೂ ಬಾಯಿ ಹಾಕಂಗಿಲ್ಲ.”

“ಅರಸನಿಗೇ ಕಟ್ಟಳೆ ಹಾಕುತ್ತೀಯಾ?”

“ಪಣಕ್ಕಿಟ್ಟಿರೋ ತಲೆ ನಂದು. ಮಾತೂ ನಂದೇ ಇರ್ಲಿ.”

ಅರಸ ಹುಬ್ಬೇರಿಸಿದ, ಆದರೆ ಹೇಳು ಎಂದು ಕೈಸನ್ನೆ ಮಾಡಿದ.

“ನಮ್ಮಜ್ಜಿ ಈ ಊರಿಗೆ ಬಂದಾಗ ಹೊಳೆಗೆ ದಾರಿ ಇರಲಿಲ್ಲ, ಬರೀ ಮುಳ್ಳು. ಕೊಡ ಎತ್ಕೊಂಡು ಹಂಗೇ ನುಗ್ಗಿದ್ಲು. ಮಾರನೇ ದಿನ ಪಕ್ಕದ ಮನೆಯಾಕಿ ಅವಳ ಹೆಜ್ಜೆ ಮೇಲೆ ಹೆಜ್ಜೆ ಇಟ್ಲು. ಕಲ್ಲು ಅಡ್ಡ ಸಿಕ್ಕಲ್ಲಿ ಸುತ್ತಿ ಹೋದ್ರು. ಈಗ ಅಲ್ಲಿ ಗಾಡಿ ಓಡಾಡ್ತಾವೆ. ಪೂರ್ತಿ ದಾರಿ ಆದಮೇಲೇ ನೀರಿಗೆ ಹೋಗ್ತೀನಿ ಅಂತ ನಮ್ಮಜ್ಜಿ ಕುಂತಿದ್ರೆ ಮನೆಮಂದಿ ಬಾಯಾರಿ ಸಾಯ್ತಿದ್ರು. ಅದು ಕಾಲುದಾರಿ, ದೊರೆ.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ದೋಣಿಶಾಲೆಯಲ್ಲಿ ನಗು ಕೇಳಿ ಎಷ್ಟೋ ವರ್ಷವಾಗಿತ್ತು.

“ಸರಿ,” ಎಂದ ಅರಸ. “ಎರಡನೆಯದು. ಇಲ್ಲಿರುವ ಎಲ್ಲರಿಗೂ ಕಾಣುತ್ತದೆ, ನನಗೊಬ್ಬನಿಗೆ ಕಾಣದು. ಏನದು?”

“ಮೂರನೇ ನೌಕೆ ಇಳಿಸೋ ದಿನ ನಮ್ಮಪ್ಪ ಬುತ್ತಿ ಬಿಚ್ಚಲಿಲ್ಲ. ಒಡೀತದೆ ಅಂತ ಗೊತ್ತಿತ್ತು. ಸುತ್ತ ನೋಡಿದ್ರೆ ನೂರು ಬುತ್ತಿನೂ ಕಟ್ಟಿದಂಗೇ ಇದ್ವು. ದೊರೆ ಒಬ್ರೇ ಹಬ್ಬದೂಟ ಉಂಡ್ರು.” ಹುಲಿಗೆಮ್ಮ ಕಣ್ಣು ತಗ್ಗಿಸಲಿಲ್ಲ. “ಅದು ನಿಮ್ಮ ತಪ್ಪು, ದೊರೆ.”

ಅರಸನ ಮುಖ ಕೆಂಪಾಯಿತು. “ನನ್ನ ಉತ್ತರ ಬೆನ್ನು. ನೀನು ಸೋತೆ.”

“ಎರಡು ಕನ್ನಡಿ ಹಿಡಿದ್ರೆ ಬೆನ್ನು ನಿಮಗೂ ಕಾಣ್ತದೆ. ಇದನ್ನ ತೋರಿಸೋ ಕನ್ನಡಿ ನಿಮ್ಮ ಅರಮನ್ಯಾಗಿಲ್ಲ. ಕಡಿಸೋದಾದ್ರೆ ಕಡಿಸಿ. ಪಟದಂಗೇ ಕಟ್ಟಿದ್ರೆ ನಾಲ್ಕನೇ ನೌಕೆನೂ ಒಡೀತದೆ.”

ತಳವಾರ ಕತ್ತಿ ಹಿಡಿದು ಮುಂದೆ ಬಂದ. ಆಗ ಹಿಂದಿನ ಸಾಲಿನಿಂದ ಮುದುಕನ ದನಿ ಕೇಳಿತು. ಅದು ಕಮ್ಮಾರ ಈರಣ್ಣಜ್ಜನದು.

“ಆ ದಿನ ನಾನೂ ಉಣ್ಣಲಿಲ್ಲ, ದೊರೆ. ಪಟದಾಗಿನ ಮೊಳೆ ಗಿಡ್ಡ. ಆರು ವರ್ಷದಿಂದ ಗೊತ್ತು, ಹೇಳಾಕ ಹೆದರಿದೆ.”

ಮತ್ತೊಬ್ಬ ಮುಂದೆ ಬಂದ. ಹಲಗೆ ಹಸಿಯಾಗಿದ್ದಾಗಲೇ ಜೋಡಿಸಿದ ದಿನದ ಕತೆ ಹೇಳಿದ. ಹಾಯಿ ಹೊಲಿಯುವವಳು ತನ್ನ ಕತೆ ತೆಗೆದಳು. ಅಂಗಳ ಸಂತೆಯಾಯಿತು. ಅರಸ ತಳವಾರನತ್ತ ಕೈಯೆತ್ತಿ ತಡೆದ, ತುಂಬಾ ಹೊತ್ತು ಕೇಳುತ್ತಲೇ ಕುಳಿತ.

ಆಮೇಲೆ ಮೂರನೆಯ ಒಗಟು ಹೇಳಿದ. ಅವನ ದನಿ ಇಳಿದಿತ್ತು. “ನನ್ನ ಆಜ್ಞೆಗೆ ತೆರೆಯಲಿಲ್ಲ, ಚಾಟಿಗೆ ತೆರೆಯಲಿಲ್ಲ, ಇನಾಮಿಗೂ ತೆರೆಯಲಿಲ್ಲ ನೂರು ಜನರ ಬಾಯಿ. ಅದನ್ನು ತೆರೆಸುವುದು ಯಾವುದು? ನಿಜ ಹೇಳುತ್ತೇನೆ, ಇದರ ಉತ್ತರ ನನಗೂ ಗೊತ್ತಿಲ್ಲ.”

“ಆಗಲಿಂದ ಅದನ್ನೇ ಕೇಳ್ತಾ ಕುಂತೀರಲ್ಲ,” ಎಂದಳು ಹುಲಿಗೆಮ್ಮ. “ಕತೆ. ಒಬ್ಬರದು ಕೇಳಿದ ಮ್ಯಾಲೆ ತನ್ನದು ಹೇಳದೆ ಇರಾಕ ಯಾರಿಗೂ ಆಗಲ್ಲ.”

ಅವಳು ಬೇಡಿದ ವರದಲ್ಲಿ ಅಪ್ಪನ ಜೊತೆ ಪಂಡಿತ, ದಳವಾಯಿ ಇಬ್ಬರೂ ಬಿಡುಗಡೆಯಾದರು. ಪದವಿಯನ್ನೂ ಒಪ್ಪಿಕೊಂಡಳು, ಆದರೆ ಪಟ ಓದುವುದನ್ನು ನಿಲ್ಲಿಸಿದಳು. ಬೆಳಿಗ್ಗೆ ಎಲ್ಲರೂ ಸುತ್ತ ನಿಂತು, ನಿನ್ನೆ ಏನು ಮಾಡಿದೆ, ಎಲ್ಲಿ ಸಿಕ್ಕಿಹಾಕಿಕೊಂಡೆ ಎಂದು ಎಲೆಯಡಿಕೆ ಜಗಿದು ಮುಗಿಸುವಷ್ಟರಲ್ಲಿ ಹೇಳಬೇಕು. ಪ್ರತಿ ಅಮಾವಾಸ್ಯೆಗೆ, ಆದಷ್ಟನ್ನು ನೀರಿಗಿಳಿಸಿ ನೋಡಬೇಕು. ಮೊದಲನೆಯದು ಬರೀ ತೆಪ್ಪ, ಆರು ಆಡು ದಾಟಿದವು. ಎರಡನೆಯದು ಸೋರಿತು, ಭರಮಪ್ಪ ಬಯ್ದುಕೊಂಡೇ ಸರಿಮಾಡಿದ. ಐದನೆಯದರಲ್ಲಿ ಬಾಣಂತಿಯರೂ ದಾಟಿದರು.

ವರ್ಷ ತುಂಬುವುದರೊಳಗೆ ಅರಸ ತಾನೇ ಹೊಳೆ ದಾಟಲು ಹೊರಟ. ನಡುಹೊಳೆಯಲ್ಲಿ ದೋಣಿಯೊಳಗೆ ಸ್ವಲ್ಪ ನೀರು ಬಂತು. ಹುಲಿಗೆಮ್ಮ ಅವನ ಕೈಗೊಂದು ತಾಮ್ರದ ಬೋಗುಣಿ ಕೊಟ್ಟಳು.

“ಮೊಗೀರಿ, ದೊರೆ.”

ಬೋಗುಣಿಯ ತಳದಲ್ಲಿ ಅಕ್ಷರಗಳಿದ್ದವು. ಹಳೆಯ ತಾಮ್ರಪಟವನ್ನು ಬೋಗುಣಿ ಮಾಡಲು ಈರಣ್ಣಜ್ಜ ಎಷ್ಟು ಬಡಿದರೂ ಅರಸರ ಅಜ್ಜನ ಹೆಸರು ಪೂರ್ತಿ ಅಳಿದಿರಲಿಲ್ಲ. ಅರಸ ಅದನ್ನೊಮ್ಮೆ ಓದಿದ, ಅಂಗಿಯ ತೋಳು ಮಡಚಿದ, ಆಚೆ ದಡ ಮುಟ್ಟುವವರೆಗೂ ನೀರು ಮೊಗೆದ.