ಗಾಲಿಯ ಮುಂದಿನ ಕಲ್ಲು

"ಗುರುಗಳೇ, ಇಂದು ಯಾರ ಮನಸ್ಸು ನೋಯಿಸಿದೆ ಎಂದು ದಿನವೂ ಮಲಗುವ ಮುನ್ನ ನೆನೆಯುವ ನಿಯಮ ಕೊಟ್ಟಿರಿ. ಹನ್ನೆರಡು ವರ್ಷ ನಡೆಸಿದೆ. ಈಗ ನನಗೆ ಕೋಪವೇ ಬರುವುದಿಲ್ಲ. ಆ ನಿಯಮ ಇನ್ನೂ ಬೇಕೇ?" ಎಂದು ಈರಭದ್ರನೆಂಬ ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳಿದರು.

ಒಂದು ಗೋದಾಮಿನಲ್ಲಿ ಒಬ್ಬ ಹಮಾಲನಿದ್ದ. ಗೋದಾಮಿನ ಮುಂದೆ ಎದೆಮಟ್ಟದ ಕಟ್ಟೆ. ಲಾರಿಗಳು ಹಿಮ್ಮುಖವಾಗಿ ಬಂದು ಆ ಕಟ್ಟೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದವು. ನಡುವಿನ ಸಂದಿಗೆ ಕಬ್ಬಿಣದ ಹಲಗೆ ಹಾಸಿ, ಅದರ ಮೇಲೆ ನಡೆದು ಅವನು ಅಕ್ಕಿಮೂಟೆ ತುಂಬುತ್ತಿದ್ದ. ಮೊದಲ ಮೂಟೆ ಹೊರುವ ಮುನ್ನ ಕೆಳಗಿಳಿದು, ಹಿಂಗಾಲಿಯ ಮುಂದೆ ಒಂದು ಕಲ್ಲು ಇಟ್ಟು ಬರುವುದು ಅಲ್ಲಿಯ ಪದ್ಧತಿ.

ಇಪ್ಪತ್ತು ವರ್ಷ ಕಲ್ಲಿಟ್ಟ. ಒಂದು ದಿನವೂ ಲಾರಿ ಕದಲಲಿಲ್ಲ. ಒಂದು ಮಧ್ಯಾಹ್ನ ಅವನಿಗೆ ನಗು ಬಂತು. ಕದಲದ ಲಾರಿಗೆ ಕಲ್ಲೇಕೆ ಎಂದುಕೊಂಡ. ಚಾಲಕ ಬ್ರೇಕ್ ಎಳೆದು ಬೇವಿನ ನೆರಳಲ್ಲಿ ಮಲಗಿದ್ದ. ಕಲ್ಲು ಗೋಡೆಗೆ ಒರಗಿಯೇ ಉಳಿಯಿತು.

ಬಿಸಿಲು ಮಂಪರು ತರಿಸುವಂತಿತ್ತು. ಹಾದಿ ಅವನ ಪಾದಗಳಿಗೆ ಬಾಯಿಪಾಠ. ಕಟ್ಟೆಯ ಮೇಲೆ ಹತ್ತು ಹೆಜ್ಜೆ, ಹಲಗೆಯ ಮೇಲೆ ಎರಡು, ಆಮೇಲೆ ಲಾರಿಯ ತಂಪು ಕತ್ತಲೆ. ಅರೆಗಣ್ಣಿನಲ್ಲಿ ನಡೆದ. ಅವನು ಒಳಗೆ ಕಾಲಿಟ್ಟಾಗಲೆಲ್ಲ ಲಾರಿ ದೋಣಿಯಂತೆ ಮೆಲ್ಲಗೆ ತೂಗುತ್ತಿತ್ತು. ಆ ತೂಗಾಟ ಅವನಿಗೆ ಸುಖವಾಗಿತ್ತು. ಬ್ರೇಕ್ ಎಳೆದಿದ್ದರೂ ಒಂದೊಂದು ತೂಗಾಟಕ್ಕೂ ಲಾರಿ ಕೂದಲೆಳೆಯಷ್ಟು ಮುಂದೆ ಸರಿಯಿತು. ಹಲಗೆಯ ಅಂಚು ಬೆರಳಷ್ಟು ಜಾರಿತು, ಆಮೇಲೆ ಗೇಣಷ್ಟು. ಅವನು ನೋಡಲಿಲ್ಲ. ನಲವತ್ತನೆಯ ಮೂಟೆಗೆ ಹಲಗೆ, ಮೂಟೆಗಳ ಸಮೇತ ಅವನು ಸಂದಿಗೆ ಬಿದ್ದ.

ಚಾಲಕ ಓಡಿಬಂದ. ಮೂಟೆಯ ಕೆಳಗೆ ಹಮಾಲನ ಕಾಲು ಮುರಿದಿತ್ತು. ಅವನ ಅನ್ನವೆಲ್ಲ ಆ ಕಾಲಿನದೇ. ಪಾಪ, ಚಾಲಕ ಮೂಟೆಯನ್ನು ಪಕ್ಕಕ್ಕೆ ಸರಿಸಿದ.

"ನಾನ್ ಗಾಡಿ ಮುಟ್ಟೇ ಇಲ್ಲ ಕಣಣ್ಣ. ಯಾರು ತಳ್ಳಿದ್ರು?"

ಹಮಾಲ ಗೋಡೆಗೊರಗಿದ್ದ ಕಲ್ಲನ್ನೇ ನೋಡುತ್ತಿದ್ದ. "ನಾನೇ ತಳ್ಳಿದ್ದು," ಎಂದ. "ಒಂದೊಂದೇ ಹೆಜ್ಜೆ."

ಗುರು ಕತೆ ನಿಲ್ಲಿಸಿದರು. ಈರಭದ್ರನಿಗೆ ಕುಳಿತ ನೆಲವೇ ಮೆಲ್ಲಗೆ ತೂಗಿದಂತಾಯಿತು. ಆ ಹಮಾಲ ಮತ್ತೆ ನಡೆದನೇ ಎಂದು ಕೇಳಲು ಬಾಯಿ ತೆರೆದ.

ಅಷ್ಟರಲ್ಲಿ ಗುರುಗಳೇ ಕೇಳಿದರು: "ನೀನು ಕಲ್ಲಿಡುವುದನ್ನು ಬಿಟ್ಟು ಎಷ್ಟು ದಿನವಾಯಿತು, ಈರಭದ್ರ?"