ಜಟ್ಟಪ್ಪನ ಜೋಡಿ ತೆಂಗು

ಜಟ್ಟಪ್ಪ ಸರಕಿನ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವ. ಇಪ್ಪತ್ತೆರಡು ವರ್ಷ ನೀರಿನ ಮೇಲೆಯೇ ಅನ್ನ ಬೇಯಿಸಿದ. ಕೆಲಸ ಬಿಟ್ಟು ನಮ್ಮ ಕಡಲ ದಂಡೆಯ ಊರಿಗೆ ವಾಪಸು ಬಂದಾಗ ಬಂಗಾರ ತರಲಿಲ್ಲ, ರೇಷ್ಮೆ ತರಲಿಲ್ಲ. ದೂರದ ಒಂದು ದ್ವೀಪದಿಂದ, ಕಂಬಳಿಯಲ್ಲಿ ಸುತ್ತಿದ ಒಂದು ಕಾಯಿ ತಂದ.

ಮಕ್ಕಳೇ, ಆ ಕಾಯಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎರಡು ದೊಡ್ಡ ತೆಂಗಿನಕಾಯಿ ಒಂದಕ್ಕೊಂದು ಅಂಟಿಕೊಂಡೇ ಹುಟ್ಟಿದ ಹಾಗಿತ್ತು. ತೂಕ ಎಷ್ಟು ಅಂತೀರಿ? ಅದನ್ನು ಇಳಿಸಿದ ಕೂಡಲೇ ದೋಣಿ ನೀರಿನಿಂದ ಒಂದು ಗೇಣು ಮೇಲೆದ್ದಿತು. ಇಬ್ಬರು ಗಟ್ಟಿ ಆಳು ಹೊತ್ತರು. ಮೂರನೆಯವನಾಗಿ ನಾನು ಹೆಗಲು ಕೊಡದೇ ಇದ್ದಿದ್ದರೆ ಇವತ್ತಿಗೂ ಅದು ಬಂದರಿನ ದಕ್ಕೆಯ ಮೇಲೇ ಬಿದ್ದಿರುತ್ತಿತ್ತು. ನಂಬದವರು ಬಿಡಿ, ನನ್ನ ಹೆಗಲಿಗೆ ಗೊತ್ತು.

ಅದು ತಾಳೆಯ ಜಾತಿ. ನಮ್ಮವರು ಜೋಡಿ ತೆಂಗು ಅಂದರು. ಬಲು ನಿಧಾನದ ಮರ. ಮೊಳೆಯಲು ವರ್ಷ ಬೇಕು, ಒಂದು ಎಲೆ ಬಿಡಿಸಲು ಇನ್ನೊಂದು ವರ್ಷ ಬೇಕು. ಅದು ಕಾಯಿ ಬಿಡುವಷ್ಟರಲ್ಲಿ ನೆಟ್ಟವನ ಮೊಮ್ಮಗನಿಗೆ ತಲೆ ನರೆತಿರುತ್ತದೆ. ಕಾಯಿ ಕೊಡುವಾಗ ಆ ದ್ವೀಪದ ಮುದುಕ ತೋಟಗಾರ ಜಟ್ಟಪ್ಪನಿಗೆ ಹೇಳಿದ್ದನಂತೆ:

"ಬೆಚ್ಚಗಿನ ಅಂಗಳದಲ್ಲಿ ಹೂಳು. ಹೂತ ಮೇಲೆ ಮುಟ್ಟಬೇಡ. ಇದು ಮೊದಲು ಕೆಳಗೆ ಹೋಗ್ತದೆ. ಜಾಗ ಹಿಡಿಸದಿದ್ರೆ ನಡೀತದೆ."

"ಬೀಜ ನಡೀತದಾ?" ಅಂತ ಜಟ್ಟಪ್ಪ ನಕ್ಕ.

"ನಡೀತದೆ. ಅವಸರ ಮಾತ್ರ ಇಲ್ಲ ಅದಕ್ಕೆ."

ಜಟ್ಟಪ್ಪನಿಗೆ ಹೆಂಡತಿ ಮಕ್ಕಳಿಲ್ಲ. ಗದ್ದೆಯಿಲ್ಲ. ಇಪ್ಪತ್ತೆರಡು ವರ್ಷ ಎಲ್ಲಿದ್ದೆ, ಏನು ಕಂಡೆ ಎಂದು ಯಾರಾದರೂ ಕೇಳಿದರೆ ತೋರಿಸಲು ಅವನ ಹತ್ತಿರ ಇದ್ದದ್ದು ಆ ಕಾಯಿ ಒಂದೇ. ಮನೆಯ ಅಂಗಳದಲ್ಲಿ, ಚಿರೆಕಲ್ಲಿನ ಗೋಡೆಯ ಪಕ್ಕ, ದಿನವೆಲ್ಲ ಬಿಸಿಲು ಬೀಳುವ ಕಡೆ ಅದನ್ನು ಹೂತ. ಸುತ್ತ ನಾಲ್ಕು ಗೂಟ ಹೊಡೆದು ಹಗ್ಗ ಕಟ್ಟಿದ.

ಆಮೇಲೆ ಶುರುವಾಯಿತು ನೋಡಿ ಜಾತ್ರೆ. ದಿನಕ್ಕೆ ಹತ್ತು ಜನ ಬರುತ್ತಿದ್ದರು. ಹಗ್ಗ ದಾಟಿ ಒಳಗೆ ಕರೆದುಕೊಂಡು ಹೋಗಿ, ಬೀಜ ಹೂತ ಜಾಗದ ಮೇಲೇ ನಿಲ್ಲಿಸಿ ಜಟ್ಟಪ್ಪ ಹೇಳುತ್ತಿದ್ದ: "ಇಲ್ಲಿಂದ ಏಳ್ತದೆ ಮರ. ಎಲೆ ಎಷ್ಟು ದೊಡ್ಡದು ಗೊತ್ತುಂಟಾ? ಮದುವೆಗೆ ಚಪ್ಪರವೇ ಬೇಡ, ಎರಡು ಎಲೆ ಸಾಕು!" ಬಂದವರು ಬಾಯಿ ಬಿಟ್ಟು ಕೇಳುತ್ತಿದ್ದರು. ಕೇಳುತ್ತ ಕೇಳುತ್ತ ನೆಲವನ್ನು ತುಳಿಯುತ್ತಿದ್ದರು. ಆ ಕಾಲುಗಳಲ್ಲಿ ಎರಡು ನನ್ನವು. ಅದನ್ನು ಮುಚ್ಚಿಡುವುದಿಲ್ಲ.

ಗೋಡೆಯ ಆಚೆ ಮಾದೇವಕ್ಕನ ಮನೆ, ಹಿತ್ತಲ ಆ ತುದಿಗೆ ಒಂದು ಹಲಸಿನ ಮರ. ಗಂಡ ತೀರಿಕೊಂಡ ಮೇಲೆ ಬುಟ್ಟಿ ಹೊತ್ತು ಮೀನು ಮಾರಿ ಬದುಕಿದವಳು. ಮಧ್ಯಾಹ್ನ ಮನೆಗೆ ಬಂದು ಉಳಿದ ಮೀನನ್ನು ಗೋಡೆಯ ಬುಡದಲ್ಲೇ ಕೂತು ತೊಳೆಯುತ್ತಿದ್ದಳು. ನೀರೆಲ್ಲ ಅಲ್ಲೇ ಇಂಗುತ್ತಿತ್ತು.

ಒಂದು ದಿನ ಜಟ್ಟಪ್ಪ ಗೋಡೆಯ ಮೇಲಿಂದ ಹೇಳಿದ: "ಮಾದೇವಕ್ಕಾ, ನಮ್ಮಲ್ಲಿಗೆ ದೊಡ್ಡ ದೊಡ್ಡ ಜನ ಬರ್ತಾರೆ. ನಿನ್ನ ಮೀನಿನ ನೀರಿಗೆ ಮೂಗು ಮುಚ್ಚಿಕೊಳ್ತಾರೆ."

"ಹೌದಾ ಮಾರಾಯಾ? ಬಂಗಡೆ ಸಾರು ಅನ್ನಕ್ಕೆ ಹೊಯ್ದುಕೊಳ್ಳುವಾಗ ಮೂಗನ್ನು ಎಲ್ಲಿ ತೆಗೆದಿಟ್ಟಿರ್ತೀಯೆ ನೀನು?"

ಜಟ್ಟಪ್ಪನಿಗೆ ಸಿಟ್ಟು ನೆತ್ತಿಗೇರಿತು. ಮರುದಿನವೇ ಗೋಡೆಯ ಮೇಲೆ ಇನ್ನೆರಡು ಸಾಲು ಚಿರೆಕಲ್ಲು ಏರಿಸಿದ. ಅವಳ ತಲೆ ಇವನಿಗೆ ಕಾಣದು, ಇವನ ತಲೆ ಅವಳಿಗೆ ಕಾಣದು. ಮಾತೂ ನಿಂತಿತು.

ವರ್ಷ ಕಳೆಯಿತು. ಬೀಜ ಏಳಲಿಲ್ಲ. ಎರಡು ವರ್ಷ ಕಳೆಯಿತು. ನೋಡಲು ಬರುವವರು ಹೋಗಿ ನಗಲು ಬರುವವರು ಉಳಿದರು.

"ಏನು ಜಟ್ಟಪ್ಪಾ, ನಿನ್ನ ಬೀಜ ನಡೀತಾ ನಡೀತಾ ಗೋಕರ್ಣ ಮುಟ್ಟಿತೋ ಹೇಗೆ?"

"ಇವನ ಅನ್ನ ಬೇಯಲಿಕ್ಕೂ ಇಷ್ಟೇ ಹೊತ್ತು ಹಿಡೀತಿತ್ತಂತೆ. ಪಾಪ, ಹಡಗಿನವರು!"

ಜಟ್ಟಪ್ಪ ಮೊದಮೊದಲು ತಾನೂ ನಗುತ್ತಿದ್ದ. ಆಮೇಲೆ ಬಾಗಿಲು ಹಾಕಿಕೊಳ್ಳುತ್ತಿದ್ದ. ಮೂರನೆಯ ವರ್ಷ, ಯುಗಾದಿ ಮುಗಿದ ವಾರ, ತಡೆಯಲಾರದೆ ಹಾರೆ ಎತ್ತಿಕೊಂಡ.

ನೆಲ ಹಾರೆಗೂ ಜಗ್ಗಲಿಲ್ಲ. ಅಷ್ಟು ಕಾಲು ತುಳಿದ ನೆಲ ಅದು, ಒಕ್ಕಲು ಕಣದ ಹಾಗೆ ಗಟ್ಟಿಯಾಗಿತ್ತು. ಅರ್ಧ ದಿನ ಬಡಿದ ಮೇಲೆ ಕಾಯಿ ಸಿಕ್ಕಿತು. ಮೂವರು ಹೊತ್ತ ಕಾಯಿ ಈಗ ಮಗುವಿನಷ್ಟು ಹಗುರ. ಪಕ್ಕದಲ್ಲಿ ಒಂದು ಹುರಿ. ಹೆಬ್ಬೆರಳಿನಷ್ಟು ದಪ್ಪ, ಬಿಳಿಯ ಹಗ್ಗದ ಹಾಗೆ. ಕಾಯಿಯನ್ನು ಸೇರಿದ ಆ ಹುರಿ ನೆಲದೊಳಗೇ ಗೋಡೆಯ ಕಡೆ ಹೋಗಿತ್ತು.

ಜಟ್ಟಪ್ಪನಿಗೆ ಎಲ್ಲ ಅರ್ಥವಾಯಿತು. ಅರ್ಥವಾಯಿತು ಅಂದುಕೊಂಡ. ಗೋಡೆಯತ್ತ ತಿರುಗಿ ಕೂಗಿದ: "ಮಾದೇವೀ! ನಿನ್ನ ಹಲಸಿನ ಬೇರು ಗೋಡೆ ನುಗ್ಗಿ ಬಂದು ನನ್ನ ಬೀಜದ ರಸ ಹೀರಿ ಹಾಕ್ತು!"

ಆಚೆಯಿಂದ ಉತ್ತರ ಬಂತು: "ನನ್ನ ಹಲಸು ಬೀಜ ತಿನ್ನೂದಿಲ್ಲ ಮಾರಾಯಾ, ಬೀಜ ಕೊಡ್ತದೆ. ಬೇಕಾದ್ರೆ ನಾಲ್ಕು ಸುಟ್ಟು ಕಳಿಸ್ಲಾ?"

ಜಟ್ಟಪ್ಪ ಕತ್ತಿ ತಂದ. ಒಂದೇ ಏಟು. ಹುರಿ ತುಂಡಾಯಿತು. ಕಾಯಿಯನ್ನು ಕೊಟ್ಟಿಗೆಯ ಮೂಲೆಗೆ ಎಸೆದು, ಹೊಂಡ ಮುಚ್ಚಿ, ಗೂಟ ಕಿತ್ತು ಒಲೆಗೆ ಹಾಕಿದ.

ಎಂಟು ದಿನ ಕಳೆದಿತ್ತು. ಬೆಳಿಗ್ಗೆ ಮಾದೇವಕ್ಕ ಅವನ ಬಾಗಿಲಲ್ಲಿ ನಿಂತಿದ್ದಳು. ಅವಳು ಆ ಹೊಸ್ತಿಲ ಹತ್ತಿರ ಬಂದು ಮೂರು ವರ್ಷವಾಗುತ್ತ ಬಂದಿತ್ತು.

"ಜಟ್ಟಪ್ಪಾ, ಜಗಳ ಬದಿಗಿಡು. ನೀನು ಊರೂರು ಕಂಡವ. ನನ್ನ ಹಿತ್ತಲಲ್ಲಿ ಒಂದು ಗಿಡ ಬಾಡ್ತಾ ಇದೆ. ಯಾವ ಗಿಡ ಅಂತ ನಂಗೆ ಗೊತ್ತಿಲ್ಲ. ಬಂದು ನೋಡು."

ಜಟ್ಟಪ್ಪ ಹೋದ.

ಗೋಡೆಯ ಬುಡದಲ್ಲಿ, ಮೀನು ತೊಳೆಯುವ ಕಲ್ಲಿನ ಪಕ್ಕ, ಮೆತ್ತನೆಯ ಕರಿಮಣ್ಣಿನಲ್ಲಿ ಒಂದು ಗಿಡ. ಗಿಡಕ್ಕೆ ಒಂದೇ ಎಲೆ. ಮಡಿಕೆ ಮಡಿಕೆಯಾಗಿ ಬಿಡಿಸಿದ ದೊಡ್ಡ ಬೀಸಣಿಗೆ. ಅದರ ನೆರಳಿನಲ್ಲಿ ಮಾದೇವಕ್ಕನ ಬುಟ್ಟಿ, ಮಣೆ, ಬೆಕ್ಕು ಎಲ್ಲ ಹಿಡಿಸುತ್ತಿದ್ದವು. ಈಗ ಆ ಎಲೆ ಜೋತು ಬಿದ್ದಿತ್ತು.

"ಒಂದೂವರೆ ವರ್ಷದ ಹಿಂದೆ ಈಟಿಯ ಹಾಗೆ ಎದ್ದು ಬಂತು," ಎಂದಳು ಮಾದೇವಕ್ಕ. "ಕೀಳೋಣ ಅಂತ ಕೈ ಹಾಕಿದೆ. ಕೀಳಲಿಕ್ಕೆ ಮನಸ್ಸು ಬರಲಿಲ್ಲ. ಬಿಸಿಲಲ್ಲಿ ಸುತ್ತಿ ಬಂದವಳಿಗೆ ಇದು ನೆರಳು ಕೊಡ್ತಿತ್ತು. ದಿನಾ ಮೀನಿನ ನೀರು ಇದಕ್ಕೇ ಹಾಕ್ತಿದ್ದೆ. ಹೋದ ವಾರದವರೆಗೂ ಗಟ್ಟಿಯಾಗೇ ಇತ್ತು."

ಜಟ್ಟಪ್ಪ ಆ ಎಲೆಯನ್ನು ದ್ವೀಪದಲ್ಲಿ ಸಾವಿರ ಸಲ ನೋಡಿದ್ದ. ಮಂಡಿಯೂರಿ ಕೂತು, ಬೆರಳಿನಲ್ಲೇ ಮಣ್ಣು ಸರಿಸಿದ. ಗಿಡದ ಬುಡದಿಂದ ಒಂದು ಬಿಳಿಯ ಹುರಿ ಗೋಡೆಯ ಕೆಳಗೆ ಹೋಗಿತ್ತು. ಕಾಯಿ ಆ ಕಡೆ ಇದ್ದುಕೊಂಡೇ ಈ ಕಡೆಯ ಮಗುವಿಗೆ ಉಣಿಸುತ್ತಿತ್ತು. ತುಳಿದ ನೆಲ ಬಿಟ್ಟು, ಒದ್ದೆ ನೆಲ ಹುಡುಕಿಕೊಂಡು, ಮೊಳಕೆ ಅವಸರವಿಲ್ಲದೆ ನಡೆದು ಬಂದಿತ್ತು.

ಇದು ಮಾದೇವಕ್ಕನಿಗೆ ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ. ಜಟ್ಟಪ್ಪ ಒಂದು ಸುಳ್ಳು ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವನ ಬಾಯಿಯೂ ಮೊದಲು ಆ ಕಡೆಗೇ ಹೋಯಿತು.

"ಅಕ್ಕಾ, ನಿನ್ನ ಮೀನಿನ ನೀರು..." ಅಂದ.

ಮಾದೇವಕ್ಕನ ಮುಖ ಬಿಳುಚಿತು. ಎರಡೂ ಕೈ ಎದೆಗೆ ಹೋದವು. "ಅಯ್ಯೋ! ನಾನೇ ಕೊಂದೆನಾ ಇದನ್ನ?"

ಆ ಮುಖ ನೋಡಿದ ಮೇಲೆ ಜಟ್ಟಪ್ಪ ಆ ಮಾತನ್ನು ಅಲ್ಲಿಗೇ ಬಿಟ್ಟ. ಹಡಗಿನ ಮೇಲೆ ಬಿರುಗಾಳಿಗೂ ಅಳದವನ ಕಣ್ಣು ತುಂಬಿತು.

"ಇಲ್ಲ ಅಕ್ಕಾ. ನಿನ್ನ ಮೀನಿನ ನೀರೇ ಇದನ್ನು ಸಾಕಿದ್ದು. ಇದು ನನ್ನ ಬೀಜ. ನಡೆದು ನಿನ್ನ ಮನೆಗೆ ಬಂದಿದೆ. ಇದರ ಹೊಕ್ಕುಳಬಳ್ಳಿ ಕಡಿದವ ನಾನೇ."

ಮಾದೇವಕ್ಕನ ನಾಲಿಗೆ ಎಂಥದು ಅಂತ ಊರಿಗೇ ಗೊತ್ತು. ಮೀನಿನ ಪೊರೆ ಕೆರೆಯಲು ಅವಳಿಗೆ ಕತ್ತಿ ಬೇಡ, ಎರಡು ಮಾತು ಸಾಕು ಅಂತ ನಾವು ನಗುತ್ತಿದ್ದೆವು. ಜಟ್ಟಪ್ಪ ತಲೆ ಬಗ್ಗಿಸಿ ಕಾದ. ಅವಳು ಗಿಡ ನೋಡಿದಳು. ಅವನನ್ನು ನೋಡಿದಳು. ಆಮೇಲೆ ಹೇಳಿದಳು:

"ಕಡಿದ ಕೈ ಈಗ ಖಾಲಿ ಇದೆಯಲ್ಲ. ಕೊಡ ತಗೊಂಡು ಬಾವಿಗೆ ಹೋಗು."

ಅವತ್ತಿನಿಂದ ಜಟ್ಟಪ್ಪ ದಿನಕ್ಕೆರಡು ಹೊತ್ತು ನೀರು ಹೊತ್ತ. ಬಿಸಿಲು ತಾಗದಂತೆ ಗರಿಯ ತಟ್ಟಿ ಕಟ್ಟಿದ. ಆದರೂ ಆ ಎಲೆ ಉಳಿಯಲಿಲ್ಲ. ಒಣಗಿ ಬಿತ್ತು. ಬುಡದಲ್ಲಿ ಒಂದು ಮೋಟು ಮಾತ್ರ ಉಳಿಯಿತು.

"ಒಳಗೆ ಜೀವ ಉಂಟಾ ಅಂತ ಸ್ವಲ್ಪ ಕೆದಕಿ ನೋಡ್ಲಾ ಅಕ್ಕಾ?"

"ಒಮ್ಮೆ ಅಗೆದದ್ದು ಸಾಲದಾ ನಿಂಗೆ?"

ಕೆದಕಲಿಲ್ಲ. ಬೇಸಿಗೆ ಹೋಯಿತು, ಮಳೆ ಬಂದು ಹೋಯಿತು, ಮತ್ತೆ ಬೇಸಿಗೆ ಬಂತು. ಮೋಟಿಗೆ ನೀರು ಹೊರುವವನನ್ನು ಕಂಡು ಊರು ಇನ್ನಷ್ಟು ನಕ್ಕಿತು. ಸುತ್ತಿ ಬಂದು ನೀರು ಹಾಕುವುದು ಕಷ್ಟವೆಂದು ಜಟ್ಟಪ್ಪ ತಾನು ಏರಿಸಿದ್ದ ಎರಡು ಸಾಲು ಕಲ್ಲು ಇಳಿಸಿದ. ಇಡೀ ಗೋಡೆ ಕೆಡವಿದ ಅಂತ ಕೆಲವರು ಹೇಳುತ್ತಾರೆ. ಅದು ಸುಳ್ಳು. ಕೊಡ ದಾಟುವಷ್ಟು ಇಳಿಸಿದ, ಅಷ್ಟೇ. ಈ ಕಡೆಯಿಂದ ಕೊಡ ಹೋಗುತ್ತಿತ್ತು, ಆ ಕಡೆಯಿಂದ ಕೆಲವು ದಿನ ಒಂದು ಬಟ್ಟಲು ಸಾರು ಬರುತ್ತಿತ್ತು.

ಹುರಿ ಕಡಿದು ಹದಿನಾಲ್ಕನೆಯ ತಿಂಗಳು. ಜಟ್ಟಪ್ಪ ಅನ್ನ ಬಸಿಯುತ್ತಿದ್ದ. ಗೋಡೆಯ ಆಚೆಯಿಂದ ಮಾದೇವಕ್ಕ ಕೂಗಿದಳು. ಸೌಟು ಕೈಯಲ್ಲಿ ಹಿಡಿದೇ ಓಡಿದ. ಮೋಟಿನ ನಡುವೆ ಗುಬ್ಬಿಯ ಕೊಕ್ಕಿನಷ್ಟು ಹಸಿರು.

"ಊರಿಗೆಲ್ಲ ಹೇಳಿ ಬರ್ಲಾ ಮಾರಾಯಾ? ನಕ್ಕವರ ಬಾಯಿ ಮುಚ್ಚಲಿ!" ಎಂದಳು ಮಾದೇವಕ್ಕ.

ಊರೆಲ್ಲ ಡಂಗುರ ಹೊಡೆದ ಜಟ್ಟಪ್ಪ ಆಗ ಏನು ಮಾಡಿದ ಗೊತ್ತೇ? ಸೌಟು ಕೆಳಗಿಟ್ಟು, ತುಟಿಯ ಮೇಲೆ ಬೆರಳಿಟ್ಟುಕೊಂಡ.

"ಬೇಡ ಅಕ್ಕಾ. ಜನ ಬಂದರೆ ಮಣ್ಣು ತುಳೀತಾರೆ."

ಈಗ ಅವರಿಬ್ಬರೂ ಇಲ್ಲ. ಮರ ಇದೆ. ಎತ್ತರ ಹೇಳಿದರೆ ನೀವು ನಗುತ್ತೀರಿ, ಹೇಳುವುದಿಲ್ಲ. ಆದರೆ ಅದರ ಬುಡ ನೋಡಿ ಬನ್ನಿ. ಎಲ್ಲ ತಾಳೆಗೂ ಬುಡ ದಪ್ಪ. ಇದಕ್ಕೆ ಬುಡದಲ್ಲಿ ಒಂದು ಮೊಳದಷ್ಟು ಮಾತ್ರ ಸಣಕಲು, ಅಲ್ಲಿಂದ ಮೇಲೆ ಡೋಲಿನಷ್ಟು ದಪ್ಪ. ತಾಳೆಯ ಕಾಂಡ ಒಮ್ಮೆ ಸಣ್ಣಗಾದ ಕಡೆ ಮತ್ತೆ ತುಂಬಿಕೊಳ್ಳುವುದಿಲ್ಲ. ಕಾಯಿಯ ಅನ್ನ ನಿಂತ ಆ ವರ್ಷ ಅಲ್ಲಿ ಹಾಗೆಯೇ ಉಳಿದಿದೆ. ಅಷ್ಟು ಸಣ್ಣ ಬುಡದ ಮೇಲೆ ಅಷ್ಟು ದೊಡ್ಡ ಮರ ಹೇಗೆ ನಿಂತಿದೆ ಅಂತ ಎಲ್ಲರೂ ಕೇಳುತ್ತಾರೆ. ನನಗೆ ಗೊತ್ತು. ಈಗ ನಿಮಗೂ ಗೊತ್ತು.

ನೀತಿ: ನೆಟ್ಟದ್ದು ಕಣ್ಣಿಗೆ ಕಾಣಲಿಲ್ಲವೆಂದು ಸತ್ತಿತು ಅನ್ನಬೇಡಿ, ಅಗೆದು ನೋಡಬೇಡಿ, ಏಳುವ ಮೊದಲೇ ಊರಿಗೆ ತೋರಿಸಿ ಅದರ ನೆಲ ಗಟ್ಟಿ ಮಾಡಬೇಡಿ. ಅದು ಇನ್ನೊಬ್ಬರ ಅಂಗಳದಲ್ಲಿ ಎದ್ದರೆ ನನ್ನದು ನಿನ್ನದು ಎನ್ನದೆ ಅಲ್ಲಿಗೇ ನೀರು ಹೊತ್ತುಕೊಂಡು ಹೋಗಿ. ಕೈ ತಪ್ಪಿ ಕಡಿದಿದ್ದರೆ, ಕಡಿದೆ ಎಂದು ಹೇಳಿ ಕೊಡ ಎತ್ತಿಕೊಳ್ಳಿ. ಗಾಯದ ಗುರುತು ಹೋಗುವುದಿಲ್ಲ, ಆದರೆ ಮರ ನಿಲ್ಲುತ್ತದೆ.